ಸ್ಲ್ಯಾಬ್‌ಇನ್ಫೊ ನಿರ್ಬಂಧ

ಲಿನಕ್ಸ್ ಕರ್ನಲ್ ತನ್ನ ಒಳಬಳಕೆಗೆ ಮೆಮೊರಿಯನ್ನು ಹೇಗೆ ಹಂಚಿಕೊಂಡಿದೆ ಎಂದು ತೋರಿಸುವ ಕಡತದ ಹೆಸರು ಸ್ಲ್ಯಾಬ್‌ಇನ್ಫೊ. 'ಪ್ರೊಕ್' ಡೈರೆಕ್ಟರಿಯೊಳಗೆ ಕಾಣುವ ಈ ಕಡತ ಡಿಸ್ಕಿನಲ್ಲಿ ಎಲ್ಲೂ ಇರುವುದಿಲ್ಲ. ಯಾರಾದರೂ ತೆರೆದಾಗ ಕರ್ನಲ್ ಆ ಕ್ಷಣದ ಲೆಕ್ಕವನ್ನು ಬರೆದುಕೊಡುತ್ತದೆ. 2011ರವರೆಗೆ ಯಂತ್ರದಲ್ಲಿ ಖಾತೆಯಿದ್ದ ಯಾರು ಬೇಕಾದರೂ ಇದನ್ನು ಓದಬಹುದಿತ್ತು. ಆ ವರ್ಷದ ಸೆಪ್ಟೆಂಬರಿನಲ್ಲಿ ಅದರ ಅನುಮತಿ ಸಂಖ್ಯೆ 0444ರಿಂದ 0400ಕ್ಕೆ ಇಳಿಯಿತು, ಅಂದರೆ ಓದುವ ಹಕ್ಕು ರೂಟ್ ಎಂಬ ನಿರ್ವಾಹಕ ಖಾತೆಗಷ್ಟೇ ಉಳಿಯಿತು. ಕೋಡಿನಲ್ಲಿ ಇದು ತೀರ ಸಣ್ಣ ಬದಲಾವಣೆ. ಆದರೆ ನಿರುಪದ್ರವಿಯಾಗಿ ಕಾಣುವ ಎಣಿಕೆಯೂ ಗುಟ್ಟು ಬಿಟ್ಟುಕೊಡುತ್ತದೆ ಎಂಬುದನ್ನು ಕರ್ನಲ್ ಕಟ್ಟುವವರು ಒಪ್ಪಿಕೊಂಡ ಘಟ್ಟ ಅದಾದ್ದರಿಂದ, ಆಪರೇಟಿಂಗ್ ಸಿಸ್ಟಂಗಳ ಭದ್ರತೆಯ ಇತಿಹಾಸದಲ್ಲಿ ಅದಕ್ಕೆ ತನ್ನದೇ ಜಾಗವಿದೆ.

ಸ್ಲ್ಯಾಬ್ ಪದ್ಧತಿಯನ್ನು ರೂಪಿಸಿದವರು ಸನ್ ಮೈಕ್ರೊಸಿಸ್ಟಮ್ಸ್‌ನ ಜೆಫ್ ಬಾನ್ವಿಕ್. ಸೊಲಾರಿಸ್ 2.4ಕ್ಕಾಗಿ ಮಾಡಿದ ಈ ವಿನ್ಯಾಸವನ್ನು ಅವರು 1994ರ ಯೂಸೆನಿಕ್ಸ್ ಬೇಸಿಗೆ ಸಮ್ಮೇಳನದಲ್ಲಿ ವಿವರಿಸಿದರು. ಕರ್ನಲ್‌ಗೆ ಒಂದೇ ಅಳತೆಯ ವಸ್ತುಗಳು ಮತ್ತೆ ಮತ್ತೆ ಬೇಕಾಗುತ್ತವೆ. ಪ್ರತಿ ಸಲವೂ ಮೆಮೊರಿ ಹುಡುಕಿ, ಹೊಸದಾಗಿ ಸಜ್ಜುಗೊಳಿಸಿ, ಕೆಲಸ ಮುಗಿದ ಮೇಲೆ ಕೆಡವುವುದು ದುಬಾರಿ. ಅದಕ್ಕೇ ಇಡ್ಲಿ ತಟ್ಟೆಯ ಗುಳಿಗಳಂತೆ ಸಮ ಅಳತೆಯ ಕೋಣೆಗಳನ್ನು ಮೊದಲೇ ಕೊರೆದಿಟ್ಟು, ಖಾಲಿಯಾದದ್ದನ್ನು ಮುಂದಿನವರಿಗೆ ಕೊಡುತ್ತಾರೆ. ಅಂಥ ಒಂದು ತಟ್ಟೆಗೆ ಸ್ಲ್ಯಾಬ್ ಎಂದೂ, ಒಂದೇ ಅಳತೆಯ ತಟ್ಟೆಗಳ ಗುಂಪಿಗೆ ಕ್ಯಾಶ್ ಎಂದೂ ಹೆಸರು. ಲಿನಕ್ಸ್‌ಗೆ ಇದನ್ನು ಮೊದಲು ಬರೆದವರು ಮಾರ್ಕ್ ಹೆಮೆಂಟ್. 2007ರಲ್ಲಿ ಕ್ರಿಸ್ಟಫ್ ಲ್ಯಾಮೆಟರ್ ಅವರ 'ಸ್ಲಬ್' ಎಂಬ ಸರಳ ರೂಪ ಬಂತು. ಹಳೆಯ ಸ್ಲ್ಯಾಬ್ ಕೋಡನ್ನು 2024ರಲ್ಲಿ, 6.8ನೇ ಆವೃತ್ತಿಯಲ್ಲಿ ಪೂರ್ತಿ ಕೈಬಿಟ್ಟರೂ ಕಡತದ ಹೆಸರು ಮಾತ್ರ ಹಾಗೇ ಉಳಿದಿದೆ.

ಕಡತದ ಒಂದು ಸಾಲನ್ನು ಹತ್ತಿರದಿಂದ ನೋಡಬೇಕು. 'ಕೆಮ್ಯಾಲಕ್-96' ಎಂಬ ಸಾಲು 96 ಬೈಟ್ ಅಳತೆಯ ಕೋಣೆಗಳ ಲೆಕ್ಕ. 4096 ಬೈಟಿನ ಒಂದು ಪುಟದಲ್ಲಿ ಅಂಥ 42 ಕೋಣೆಗಳು ಹಿಡಿಸುತ್ತವೆ. ಎಷ್ಟು ಕೋಣೆ ಬಳಕೆಯಲ್ಲಿವೆ, ಒಟ್ಟು ಎಷ್ಟಿವೆ, ಒಂದು ಸ್ಲ್ಯಾಬಿಗೆ ಎಷ್ಟು ಎಂಬ ಅಂಕಿಗಳು ಸಾಲಿನಲ್ಲಿ ಒಂದರ ಪಕ್ಕ ಒಂದಿರುತ್ತವೆ. ಮೆಮೊರಿ ಎಲ್ಲಿ ಸೋರುತ್ತಿದೆ ಎಂದು ಹುಡುಕುವ ಸಿಸ್ಟಂ ಅಡ್ಮಿನ್‌ಗೆ ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ದಾಳಿಕೋರನಿಗೂ ಅಷ್ಟೇ.

ಏಕೆಂದರೆ ಸ್ಲ್ಯಾಬಿನಲ್ಲಿ ವಸ್ತುಗಳು ಒತ್ತೊತ್ತಾಗಿ ಕೂತಿರುತ್ತವೆ. ಒಂದು ವಸ್ತುವಿನ ಬರಹ ಮೇರೆ ಮೀರಿದರೆ ಪಕ್ಕದ್ದು ಕೆಡುತ್ತದೆ. ಆ ಪಕ್ಕದ ಕೋಣೆಯಲ್ಲಿ ತನಗೆ ಬೇಕಾದ ವಸ್ತುವೇ ಕೂರುವಂತೆ ಮಾಡುವುದು ದಾಳಿಕೋರನ ಕಸುಬು. ಮೊದಲು ಅಲ್ಲಲ್ಲಿ ಖಾಲಿಯಿರುವ ಹಳೆಯ ಕೋಣೆಗಳನ್ನೆಲ್ಲ ತುಂಬಿಸುತ್ತಾನೆ. ಆಮೇಲೆ ಹೊಸ ಸ್ಲ್ಯಾಬ್ ಹುಟ್ಟುತ್ತದೆ, ಅದರಲ್ಲಿ ವಸ್ತುಗಳು ಸಾಲಾಗಿ ಕೂರುತ್ತವೆ. ಹೊಸ ಸ್ಲ್ಯಾಬ್ ಹುಟ್ಟಿದ್ದು ಯಾವಾಗ? ಅದನ್ನು ಸ್ಲ್ಯಾಬ್‌ಇನ್ಫೊ ಓದಿಯೇ ತಿಳಿಯಬಹುದಿತ್ತು. 2010ರಲ್ಲಿ ಕ್ಯಾನ್ ನೆಟ್‌ವರ್ಕ್ ಕೋಡಿನಲ್ಲಿ ಬೆನ್ ಹಾಕ್ಸ್ ಪತ್ತೆಹಚ್ಚಿದ ದೋಷವನ್ನು ಬಳಸಿ ಜಾನ್ ಓಬರ್‌ಹೈಡ್ ಪ್ರಕಟಿಸಿದ ಮಾದರಿ ದಾಳಿ ನಡೆದದ್ದು ಇದೇ ಕೆಮ್ಯಾಲಕ್-96 ಕ್ಯಾಶಿನಲ್ಲಿ.

2011ರ ಮಾರ್ಚಿನಲ್ಲಿ ಡ್ಯಾನ್ ರೋಸನ್‌ಬರ್ಗ್ ಕಡತವನ್ನು 0400 ಮಾಡುವ ತೇಪೆಯನ್ನು (ಪ್ಯಾಚ್) ಮುಂದಿಟ್ಟರು. ಕರ್ನಲ್ ವಿಳಾಸಗಳನ್ನು ಮರೆಮಾಡುವ ವ್ಯವಸ್ಥೆಯನ್ನು ಆಗಷ್ಟೇ ಕರ್ನಲ್‌ಗೆ ಸೇರಿಸಿದ್ದವರೂ ಅವರೇ. ಗ್ರಸೆಕ್ಯೂರಿಟಿ ಎಂಬ ಹೊರಗಿನ ತೇಪೆಗಳ ಸಂಗ್ರಹದಲ್ಲಿ ಇಂಥ ನಿರ್ಬಂಧ ಮೊದಲೇ ಇತ್ತು. ಆದರೂ ಮುಖ್ಯ ಕರ್ನಲ್‌ನವರು ಕೂಡಲೇ ಒಪ್ಪಲಿಲ್ಲ. ದೋಷ ಹುಡುಕುವವರಿಗೆ ತೊಂದರೆ ಎಂಬುದು ಒಂದು ಆಕ್ಷೇಪ. ಅಂಕಿ ಕಾಣದಿದ್ದರೇನು, ದಾಳಿಕೋರ ಕಣ್ಣುಮುಚ್ಚಿ ಸಾವಿರಾರು ವಸ್ತುಗಳನ್ನು ತುಂಬಿದರೂ ಹೊಸ ಸ್ಲ್ಯಾಬ್ ಸಿಕ್ಕೇ ಸಿಗುತ್ತದೆ ಎಂಬುದು ಇನ್ನೊಂದು. ಎರಡನೆಯ ಮಾತಿನಲ್ಲಿ ಹುರುಳಿತ್ತು.

ವಾದದ ದಿಕ್ಕು ಬದಲಿಸಿದವರು ವಸಿಲಿ ಕುಲಿಕೊವ್. ಗೂಗಲ್‌ನ ಬೇಸಿಗೆ ಯೋಜನೆಯಡಿ ಓಪನ್‌ವಾಲ್ ತಂಡದೊಂದಿಗೆ ಆ ವರ್ಷ ಕೆಲಸ ಮಾಡಿದ್ದ ಅವರು, ಸೆಪ್ಟೆಂಬರಿನ ತಮ್ಮ ತೇಪೆಯಲ್ಲಿ ಕೆಮ್ಯಾಲಕ್ ಸಾಲುಗಳನ್ನು ಪಕ್ಕಕ್ಕಿಟ್ಟು ಬಳಕೆದಾರನ ಖಾಸಗಿತನದಿಂದ ಮಾತು ಶುರುಮಾಡಿದರು. ಕಡತ ಮತ್ತು ಡೈರೆಕ್ಟರಿಗಳ ಹೆಸರಿಗೆ ಕರ್ನಲ್ ಇಟ್ಟುಕೊಳ್ಳುವ 'ಡೆಂಟ್ರಿ' ಎಣಿಕೆ ಏರಿದರೆ ಇನ್ನೊಬ್ಬರು ಕಡತಗಳನ್ನು ಮುಟ್ಟುತ್ತಿದ್ದಾರೆ ಎಂದರ್ಥ. ಅದಕ್ಕಿಂತ ತೀಕ್ಷ್ಣವಾದ ಉದಾಹರಣೆ ಇಕ್ರಿಪ್ಟ್‌ಎಫ್‌ಎಸ್‌ನದು. ಉಬುಂಟುವಿನಲ್ಲಿ ಹೋಂ ಡೈರೆಕ್ಟರಿಯನ್ನು ಗೂಢಲಿಪಿಯಲ್ಲಿಡಲು ಆಗ ಬಳಕೆಯಲ್ಲಿದ್ದದ್ದು ಅದೇ. ಯಂತ್ರದಲ್ಲಿ ಒಬ್ಬರೇ ಅದನ್ನು ಬಳಸುತ್ತಿದ್ದರೆ, ಅದರ ಹೆಸರಿನ ಸಾಲು ಏರಿಳಿದಂತೆ ಅವರ ಚಟುವಟಿಕೆಯೆಲ್ಲ ನೆರೆಯ ಖಾತೆದಾರರಿಗೆ ಕಾಣುತ್ತಿತ್ತು. ಬಾಗಿಲಿಗೆ ಬೀಗ ಹಾಕಿಕೊಂಡವರ ಮನೆಯೊಳಗೆ ಎಷ್ಟು ಜನ ಓಡಾಡುತ್ತಿದ್ದಾರೆ ಎಂದು ಬೀದಿಯಲ್ಲಿ ಫಲಕ ಹಾಕಿದಂತೆ. ಈ ವಾದಕ್ಕೆ ಉತ್ತರ ಸುಲಭವಿರಲಿಲ್ಲ. ಸ್ಲ್ಯಾಬ್ ವಿಭಾಗದ ನಿರ್ವಾಹಕ ಪೆಕ್ಕಾ ಎನ್‌ಬರ್ಗ್ ತೇಪೆಯನ್ನು ಸೇರಿಸಿಕೊಂಡರು. 2012ರ ಜನವರಿಯಲ್ಲಿ ಬಂದ 3.2ನೇ ಆವೃತ್ತಿಯಲ್ಲಿ ಅದು ಎಲ್ಲರಿಗೂ ತಲುಪಿತು. 'ಸಿಸ್' ಡೈರೆಕ್ಟರಿಯಲ್ಲಿ ಇದೇ ಲೆಕ್ಕ ಕೊಡುತ್ತಿದ್ದ ಕಡತಗಳಿಗೂ ಜೊತೆಯಲ್ಲೇ ತಡೆ ಬಿತ್ತು.

ಕರ್ನಲ್‌ನ ಒಳಲೆಕ್ಕ ಯಾರಿಗೆ ಕಾಣಬೇಕು ಎಂಬ ಇದೇ ಪ್ರಶ್ನೆ 2019ರಲ್ಲಿ ಇನ್ನೊಂದು ಕ್ಯಾಶಿನ ವಿಷಯದಲ್ಲಿ ಎದ್ದಿತು. ಡಿಸ್ಕಿನಿಂದ ಓದಿದ ಕಡತದ ಪುಟಗಳನ್ನು ಮೆಮೊರಿಯಲ್ಲೇ ಇಟ್ಟುಕೊಳ್ಳುವ 'ಪೇಜ್ ಕ್ಯಾಶ್' ಎಲ್ಲ ಬಳಕೆದಾರರಿಗೂ ಒಂದೇ. ಯಾವ ಪುಟ ಮೆಮೊರಿಯಲ್ಲಿದೆ ಎಂದು 'ಮಿನ್‌ಕೋರ್' ಎಂಬ ಸಿಸ್ಟಂ ಕಾಲ್ ಕೇಳಿದವರಿಗೆಲ್ಲ ಹೇಳುತ್ತಿತ್ತು. ಇದರಿಂದ ಇನ್ನೊಬ್ಬರು ಯಾವ ಪ್ರೋಗ್ರಾಮಿನ ಯಾವ ಭಾಗವನ್ನು ಯಾವಾಗ ಬಳಸಿದರು ಎಂದು ಪತ್ತೆಹಚ್ಚಬಹುದು ಎಂಬುದನ್ನು ಡೇನಿಯಲ್ ಗ್ರೂಸ್ ಮತ್ತು ಸಂಗಡಿಗರು ತೋರಿಸಿದರು. ಲಿನಸ್ ಟೊರ್ವಾಲ್ಡ್ಸ್ ಮಾಡಿದ ಮೊದಲ ತಿದ್ದುಪಡಿ ಬಳಕೆಯಲ್ಲಿದ್ದ ಪ್ರೋಗ್ರಾಮುಗಳನ್ನು ಕೆಡಿಸಿದ್ದರಿಂದ ಅದನ್ನು ಹಿಂತೆಗೆಯಬೇಕಾಯಿತು. ಕೊನೆಗೆ 5.2ನೇ ಆವೃತ್ತಿಯಲ್ಲಿ ಯಿರಿ ಕೊಸಿನಾ ಅವರ ಪರಿಹಾರ ನಿಂತಿತು: ಕಡತದ ಒಡೆಯರಿಗೆ ಅಥವಾ ಅದರಲ್ಲಿ ಬರೆಯುವ ಹಕ್ಕಿದ್ದವರಿಗೆ ನಿಜವಾದ ಉತ್ತರ, ಉಳಿದವರಿಗೆ ಪುಟಗಳೆಲ್ಲ ಮೆಮೊರಿಯಲ್ಲೇ ಇವೆ ಎಂಬ ಒಂದೇ ಉತ್ತರ.

ಸ್ಲ್ಯಾಬ್‌ಇನ್ಫೊ ಕಡತ ಮುಚ್ಚಿದ ಮಾತ್ರಕ್ಕೆ ಮಾಹಿತಿ ಬತ್ತಲಿಲ್ಲ. ಖಾಲಿ ಕೋಣೆಯಿದ್ದರೆ ಕರ್ನಲ್ ಬೇಗ ಕೊಡುತ್ತದೆ, ಹೊಸ ಸ್ಲ್ಯಾಬ್ ಕಟ್ಟಬೇಕಾದರೆ ತಡಮಾಡುತ್ತದೆ. ಆ ತಡವನ್ನು ಅಳೆದರೆ ಸ್ಲ್ಯಾಬ್‌ಇನ್ಫೊ ಹೇಳುತ್ತಿದ್ದುದೇ ತಿಳಿಯುತ್ತದೆ. 2023ರ ಯೂಸೆನಿಕ್ಸ್ ಭದ್ರತಾ ಸಮ್ಮೇಳನದಲ್ಲಿ ಮಂಡಿಸಿದ 'ಪಿಸ್ಪ್ರೇ' ಅಧ್ಯಯನ ಈ ಉಪಾಯದಿಂದ ದಾಳಿಗಳ ಯಶಸ್ಸನ್ನು ಸರಾಸರಿ ಶೇ 56.1ರಿಂದ ಶೇ 97.92ಕ್ಕೆ ಏರಿಸಿತು. ಮರುವರ್ಷ ಗ್ರಾಟ್ಸ್ ತಾಂತ್ರಿಕ ವಿಶ್ವವಿದ್ಯಾಲಯದ 'ಸ್ಲಬ್‌ಸ್ಟಿಕ್' ಕೂಡ ಸಮಯದ ಅಳತೆಯನ್ನೇ ನೆಚ್ಚಿತು. ಹಾಗೆಂದು 2011ರ ನಿರ್ಬಂಧ ವ್ಯರ್ಥವಾಯಿತು ಎನ್ನುವುದು ಸರಿಯಲ್ಲ. ಒಂದು ಕಡತ ತೆರೆದರೆ ಸಾಕಿದ್ದ ಕೆಲಸಕ್ಕೆ ಈಗ ಸೂಕ್ಷ್ಮ ಗಡಿಯಾರ, ಪರಿಣತಿ, ತಾಳ್ಮೆ ಎಲ್ಲ ಬೇಕು. ಇಕ್ರಿಪ್ಟ್‌ಎಫ್‌ಎಸ್ ಬಳಸುವವರ ಖಾಸಗಿತನಕ್ಕಂತೂ ಅದು ನೇರವಾದ ರಕ್ಷಣೆ. ಕಣ್ಣುಮುಚ್ಚಿ ತುಂಬುವವರ ದಾರಿ ಕೆಡಿಸಲು ಬೇರೆ ಕ್ರಮಗಳು ಬಂದವು: 4.7ನೇ ಆವೃತ್ತಿಯಲ್ಲಿ ಖಾಲಿ ಕೋಣೆಗಳನ್ನು ಕೊಡುವ ಸರದಿಯನ್ನು ಕಲಕುವ ಆಯ್ಕೆ, 6.6ರಲ್ಲಿ ಒಂದೇ ಅಳತೆಗೆ ಹಲವು ಕ್ಯಾಶ್‌ಗಳನ್ನಿಟ್ಟು ಯಾದೃಚ್ಛಿಕವಾಗಿ ಹಂಚುವ ಆಯ್ಕೆ.

ಸ್ಲ್ಯಾಬ್‌ಗಳಿಗೆ ಹೋದ ಮೆಮೊರಿಯ ಒಟ್ಟು ಮೊತ್ತ ಮಾತ್ರ 'ಮೆಮ್‌ಇನ್ಫೊ' ಕಡತದಲ್ಲಿ ಇಂದಿಗೂ ಎಲ್ಲರಿಗೂ ಸಿಗುತ್ತದೆ. ಕ್ಯಾಶ್‌ವಾರು ಲೆಕ್ಕ ತೋರಿಸುವ 'ಸ್ಲ್ಯಾಬ್‌ಟಾಪ್' ಕಮ್ಯಾಂಡನ್ನು ಸಾಮಾನ್ಯ ಬಳಕೆದಾರ ಚಲಾಯಿಸಿದರೆ, ಅನುಮತಿ ಇಲ್ಲವೆಂಬ ಒಂದು ಸಾಲು ಬರುತ್ತದೆ.