ಹಿರಿಯ ವಿದ್ಯಾರ್ಥಿಗಳ ಮಾರ್ಗದರ್ಶನ

ಹಿರಿಯ ವಿದ್ಯಾರ್ಥಿಗಳ ಮಾರ್ಗದರ್ಶನ ಎಂದರೆ ಶಾಲೆಗೆ ಹೊಸದಾಗಿ ಸೇರಿದ ಮಕ್ಕಳಿಗೆ ಅದೇ ಶಾಲೆಯ ಮೇಲಿನ ತರಗತಿಯವರು ಶಿಕ್ಷಕರ ಮೇಲ್ವಿಚಾರಣೆಯಲ್ಲಿ ನೀಡುವ ನೆರವು. ಇದನ್ನು ಸಹವಿದ್ಯಾರ್ಥಿ ಬೆಂಬಲ ಎಂದೂ ಕರೆಯುವುದುಂಟು. ಇದು ಪಾಠ ಹೇಳುವುದಕ್ಕಿಂತ ಹೆಚ್ಚಾಗಿ ಜೊತೆಗಿರುವ ಕೆಲಸವಾಗಿದೆ.

ಹಿನ್ನೆಲೆ

ಕರ್ನಾಟಕದಲ್ಲಿ ಪ್ರೌಢಶಾಲಾ ಹಂತವು 8ರಿಂದ 10ನೆಯ ತರಗತಿಯವರೆಗೆ ಇರುತ್ತದೆ. ಅನೇಕ ಹಳ್ಳಿಗಳಲ್ಲಿ 7ನೆಯ ತರಗತಿಯವರೆಗೆ ಮಾತ್ರ ಶಾಲೆಯಿದ್ದು, ಅಲ್ಲಿಂದ ಮುಂದೆ ಮಕ್ಕಳು ಬೇರೆ ಊರಿಗೆ ಹೋಗಬೇಕಾಗುತ್ತದೆ. ಮೈಸೂರು–ಚಾಮರಾಜನಗರ ರೈಲುಮಾರ್ಗದಲ್ಲಿರುವ ನಂಜನಗೂಡು ತಾಲ್ಲೂಕಿನ ಕವಲಂದೆಯಂತಹ ಊರುಗಳು ಸುತ್ತಲಿನ ಹಳ್ಳಿಗಳ ಮಕ್ಕಳಿಗೆ ಇಂತಹ ಕೇಂದ್ರಗಳಾಗಿವೆ. ಪರಿಚಿತ ಶಾಲೆ ತಪ್ಪುತ್ತದೆ, ವಿಷಯಕ್ಕೊಬ್ಬ ಶಿಕ್ಷಕರು ಬರುತ್ತಾರೆ, ಕೆಲವರಿಗೆ ಬೋಧನಾ ಮಾಧ್ಯಮವೂ ಬದಲಾಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ (2009) ರಕ್ಷಣೆಯು 6ರಿಂದ 14 ವರ್ಷದವರಿಗೆ ಅನ್ವಯಿಸುವುದರಿಂದ, ಆ ರಕ್ಷಣೆ ಕೊನೆಗೊಳ್ಳುವುದೂ ಹೆಚ್ಚುಕಡಿಮೆ ಇದೇ ಹಂತದಲ್ಲಿ. ಈ ಕಾಲದಲ್ಲಿ ಹಿಂಜರಿದ ಮಗು ಶಾಲೆಯನ್ನೇ ಬಿಡುವ ಸಂಭವವಿರುತ್ತದೆ.

ಇತಿಹಾಸ

ಮಕ್ಕಳೇ ಮಕ್ಕಳಿಗೆ ಕಲಿಸುವ ಪದ್ಧತಿ ಕನ್ನಡ ನಾಡಿನಲ್ಲಿ ಹಳೆಯದು. 1623ರಲ್ಲಿ ಕೆಳದಿ ನಾಯಕರ ಸೀಮೆಯಲ್ಲಿ ಸಂಚರಿಸಿದ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲೆ, ದೇವಾಲಯವೊಂದರ ಜಗುಲಿಯಲ್ಲಿ ನಾಲ್ವರು ಬಾಲಕರು ಗುರುವಿಲ್ಲದೆ ಮರಳಿನ ಮೇಲೆ ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುತ್ತಿದ್ದುದನ್ನು ದಾಖಲಿಸಿದ್ದಾನೆ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ವರದಿಯಲ್ಲಿ ಜಿಲ್ಲೆಯ 533 ಶಾಲೆಗಳನ್ನು ಲೆಕ್ಕ ಹಾಕಿ, ಮುಂದುವರಿದ ವಿದ್ಯಾರ್ಥಿಗಳು ಹಿಂದಿರುವವರಿಗೆ ಕಲಿಸುತ್ತಲೇ ತಮ್ಮ ಕಲಿಕೆಯನ್ನು ಗಟ್ಟಿ ಮಾಡಿಕೊಳ್ಳುವ ಕ್ರಮವನ್ನು ಮೆಚ್ಚಿದ್ದಾನೆ. ಮದರಾಸಿನ ಅನಾಥಾಲಯದಲ್ಲಿ ಇದೇ ಬಗೆಯ ಕ್ರಮವನ್ನು ಅಳವಡಿಸಿದ ಆಂಡ್ರ್ಯೂ ಬೆಲ್ 1797ರಲ್ಲಿ ಅದರ ವಿವರವನ್ನು ಪ್ರಕಟಿಸಿದ ನಂತರ ಅದು ಇಂಗ್ಲೆಂಡಿನಲ್ಲಿ 'ಮದರಾಸು ಪದ್ಧತಿ' ಎಂದು ಹೆಸರಾಯಿತು. ಒಬ್ಬ ಶಿಕ್ಷಕನಿಂದ ನೂರಾರು ಮಕ್ಕಳಿಗೆ ಅಗ್ಗದಲ್ಲಿ ಪಾಠ ನಡೆಸುವುದು ಅಲ್ಲಿ ಮುಖ್ಯವಾಗಿತ್ತು. ಇಂದಿನ ಮಾರ್ಗದರ್ಶನವು ಶಿಕ್ಷಕರ ಸ್ಥಾನವನ್ನು ತುಂಬುವ ಉದ್ದೇಶ ಹೊಂದಿಲ್ಲವಾದ್ದರಿಂದ ಅದಕ್ಕಿಂತ ಭಿನ್ನವಾಗಿದೆ.

ಕಾರ್ಯವಿಧಾನ

ಸಾಮಾನ್ಯವಾಗಿ 9 ಅಥವಾ 10ನೆಯ ತರಗತಿಯ ಒಬ್ಬಿಬ್ಬರಿಗೆ ಹೊಸಬರ ಸಣ್ಣ ಗುಂಪೊಂದನ್ನು ವಹಿಸಲಾಗುತ್ತದೆ. ಒಂದೇ ಊರಿನಿಂದ ಅಥವಾ ಒಂದೇ ಬಸ್ಸಿನಲ್ಲಿ ಬರುವವರನ್ನು ಜೊತೆಗೂಡಿಸುವುದು ಅನುಕೂಲಕರ. ವೇಳಾಪಟ್ಟಿ, ಗ್ರಂಥಾಲಯ, ಶೌಚಾಲಯ, ಬಿಸಿಯೂಟದ ವ್ಯವಸ್ಥೆ ಮೊದಲಾದವನ್ನು ತೋರಿಸುವುದು, ಊಟಕ್ಕೆ ಒಂಟಿಯಾಗಿ ಕುಳಿತವರನ್ನು ಜೊತೆಗೆ ಕರೆಯುವುದು, ಗೈರುಹಾಜರಾದವರನ್ನು ವಿಚಾರಿಸುವುದು ಇವರ ಕೆಲಸ. ವರ್ಷಾರಂಭದ ಸೇತುಬಂಧ ತರಗತಿಗಳು ಇದಕ್ಕೆ ತಕ್ಕ ಸಮಯ. 10ನೆಯ ತರಗತಿಯವರಿಗೆ ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಒತ್ತಡವಿರುವುದರಿಂದ 9ನೆಯ ತರಗತಿಯವರನ್ನು ಆರಿಸುವುದು ಸೂಕ್ತ.

ಮಿತಿಗಳು

ಹಿರಿತನವು ಅಧಿಕಾರವಾಗಿ ಮಾರ್ಪಟ್ಟರೆ ನೆರವು ಪೀಡನೆಯಾಗಬಹುದು. ಕರ್ನಾಟಕ ಶಿಕ್ಷಣ ಕಾಯ್ದೆ (1983) ರ‍್ಯಾಗಿಂಗನ್ನು ನಿಷೇಧಿಸಿದೆ. ಆದ್ದರಿಂದ ಮಾರ್ಗದರ್ಶಕರಿಗೆ ಶಿಕ್ಷಿಸುವ ಅಥವಾ ಕೆಲಸ ಹೇಳುವ ಅಧಿಕಾರ ಇರಬಾರದು. ಹಿಂಸೆ, ಲೈಂಗಿಕ ಕಿರುಕುಳ, ಬಾಲ್ಯವಿವಾಹದ ಸೂಚನೆ ಕಂಡರೆ ಅದನ್ನು ಗುಟ್ಟಾಗಿಡದೆ ಶಿಕ್ಷಕರಿಗೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬೇಕೆಂದು ಅವರಿಗೆ ಮೊದಲೇ ಹೇಳಿಕೊಡುವುದು ಅಗತ್ಯ. ಇಂತಹ ಭಾರವನ್ನು ಹದಿನಾಲ್ಕು, ಹದಿನೈದರ ಮಗುವೊಂದು ಒಂಟಿಯಾಗಿ ಹೊರುವಂತಾಗಬಾರದು.