ನಳಂದದ 1,510 ಗುರುಗಳು: ಒಂದು ತಪ್ಪು ಓದಿನ ಪರಿಶೀಲನೆ

ನಳಂದದಲ್ಲಿ 8,500 ವಿದ್ಯಾರ್ಥಿಗಳೂ 1,510 ಅಧ್ಯಾಪಕರೂ ಇದ್ದರೆಂಬ ಮಾತನ್ನು ಶಿಕ್ಷಣ ಚರಿತ್ರೆಯ ಪುಸ್ತಕಗಳು ಒಂದರಿಂದೊಂದು ಎತ್ತಿಕೊಳ್ಳುತ್ತ ಬಂದಿವೆ. ಐದಾರು ವಿದ್ಯಾರ್ಥಿಗಳಿಗೊಬ್ಬ ಗುರು ಎಂಬ ಹೆಮ್ಮೆಯ ಲೆಕ್ಕ ಹುಟ್ಟಿದ್ದೂ ಇದರಿಂದಲೇ. ಈ ಲೆಕ್ಕ ನಿಲ್ಲುವುದಿಲ್ಲ.

ಇದರ ಬೇರಿರುವುದು ಹ್ಯುಯೆನ್‌ತ್ಸಾಂಗನ ಶಿಷ್ಯ ಹುಯಿಲಿ ಬರೆದ ಗುರುಚರಿತೆಯಲ್ಲಿ. ಸೂತ್ರ-ಶಾಸ್ತ್ರಗಳ 20 ಗ್ರಂಥಗಳನ್ನು ವಿವರಿಸಬಲ್ಲವರು ಸಾವಿರಕ್ಕೂ ಮಿಕ್ಕು, 30 ಬಲ್ಲವರು ಐನೂರಕ್ಕೂ ಮಿಕ್ಕು, 50 ಬಲ್ಲವರು ಹತ್ತು ಮಂದಿ, ಸಮಸ್ತವನ್ನೂ ಬಲ್ಲವನು ನಳಂದದ ಮುಖ್ಯ ಗುರು ಶೀಲಭದ್ರನೊಬ್ಬನೇ ಎಂದು ಅಲ್ಲಿದೆ. ಸಾವಿರ, ಐನೂರು, ಹತ್ತನ್ನು ಕೂಡಿಸಿ 'ಅಧ್ಯಾಪಕರು' ಎಂದರು. ನಳಂದದಲ್ಲಿದ್ದವರು ಒಟ್ಟು ಹತ್ತು ಸಾವಿರ ಎಂದೂ ಹುಯಿಲಿ ಹೇಳುತ್ತಾನೆ; ಅದರಲ್ಲಿ ಈ ಮೊತ್ತವನ್ನು ಕಳೆದು ಉಳಿದವರನ್ನು 'ವಿದ್ಯಾರ್ಥಿಗಳು' ಎಂದರು. 'ಮಿಕ್ಕು' ಎಂಬುದು ಕೂಡಿಕೆಯಲ್ಲಿ ಕಾಣೆಯಾಯಿತು. ಅದಕ್ಕಿಂತ ದೊಡ್ಡ ತೊಡಕೆಂದರೆ, ಆ ಹತ್ತು ಮಂದಿಯಲ್ಲಿ ಹ್ಯುಯೆನ್‌ತ್ಸಾಂಗನೂ ಒಬ್ಬನೆಂದು ಹುಯಿಲಿಯೇ ಹೇಳುತ್ತಾನೆ. ಶೀಲಭದ್ರನ ಬಳಿ ಯೋಗಾಚಾರ ಕಲಿಯಲೆಂದು ಚೀನಾದಿಂದ ಬಂದವನು ಅಧ್ಯಾಪಕರ ಪಟ್ಟಿಗೆ ಸೇರಿದ್ದು ಹೇಗೆ? ಮುಂದೆ ಅವನು ಅಲ್ಲಿ ಪಾಠ ಹೇಳಿದ್ದುಂಟು, ನಿಜ. ಕಲಿಯುವವನೇ ಕಲಿಸುತ್ತಲೂ ಇದ್ದ ಕಡೆ ಇಂದಿನ ಕಾಲೇಜಿನ ಹಾಜರಿ ಪುಸ್ತಕವನ್ನು ಹುಡುಕಬಾರದು ಎಂಬುದಕ್ಕೆ ಅದೇ ಸಾಕ್ಷಿ. ಹುಯಿಲಿ ಕೊಟ್ಟಿರುವುದು ಪಾಂಡಿತ್ಯದ ಮೆಟ್ಟಿಲುಗಳನ್ನು.

ಇನ್ನು ಆ ಹತ್ತು ಸಾವಿರ. ಅದು ನೆಲೆಸಿದ ಭಿಕ್ಷುಗಳನ್ನೂ ಬಂದುಹೋಗುವ ಅತಿಥಿಗಳನ್ನೂ ಒಟ್ಟಿಗೆ ಹಿಡಿದ ಸಂಖ್ಯೆ. ಹ್ಯುಯೆನ್‌ತ್ಸಾಂಗ್ ತನ್ನ ಪ್ರವಾಸ ಗ್ರಂಥದಲ್ಲಿ ಬರೆದದ್ದು 'ಹಲವು ಸಾವಿರ' ಎಂದಷ್ಟೇ. ಪುಲಕೇಶಿಯ ವಿಷಯಕ್ಕೆ ಅದೇ ಗ್ರಂಥವನ್ನು ನಂಬುವ ನಾವು ನಳಂದಕ್ಕೆ ಬಂದಾಗ ಶಿಷ್ಯನ ಮಾತಿಗೆ ಜಾರುವುದೇಕೆ? 671ರಲ್ಲಿ ಚೀನಾದಿಂದ ಹಡಗು ಹತ್ತಿ ಬಂದು, ನಳಂದದಲ್ಲೇ ಸುಮಾರು ಹತ್ತು ವರ್ಷ ಓದಿದ ಇತ್ಸಿಂಗ್ ಒಂದು ಗ್ರಂಥದಲ್ಲಿ 3,000ಕ್ಕೂ ಹೆಚ್ಚು, ಇನ್ನೊಂದರಲ್ಲಿ 3,500 ಎನ್ನುತ್ತಾನೆ. (ನನ್ನ ಒಲವು ಇತ್ಸಿಂಗನ ಕಡೆಗೇ, ಮಠದ ದಿನಚರಿಯನ್ನು ಅವನಷ್ಟು ಬಿಡಿಬಿಡಿಯಾಗಿ ಬರೆದಿಟ್ಟ ಚೀನೀ ಯಾತ್ರಿಕ ಮತ್ತೊಬ್ಬನಿಲ್ಲ.) ಹ್ಯುಯೆನ್‌ತ್ಸಾಂಗನಿಗೂ ಇತ್ಸಿಂಗನಿಗೂ ನಡುವಿನ ದಶಕಗಳಲ್ಲಿ ನಳಂದ ಸೊರಗಿತೆಂದು ವಾದಿಸುವವರು ದತ್ತಿಯ ಊರುಗಳನ್ನು ನೋಡಲಿ. ಹುಯಿಲಿಯಲ್ಲಿ ಅವು ನೂರರ ಆಸುಪಾಸು, ಇತ್ಸಿಂಗನಲ್ಲಿ ಇನ್ನೂರಕ್ಕೂ ಹೆಚ್ಚು. ಉಂಬಳಿ ಇಮ್ಮಡಿಯಾಗುವಾಗ ಉಣ್ಣುವವರು ಮೂರನೆಯ ಒಂದು ಪಾಲಿಗೆ ಇಳಿದರೆಂದರೆ ಒಪ್ಪುವುದು ಕಷ್ಟ.

ಈ ಸಂಖ್ಯೆಯ ಮೋಹದಲ್ಲಿ ಮರೆಯಾದದ್ದು ಇತ್ಸಿಂಗ್ ಬರೆದ ಯಾತ್ರಿಕ ಭಿಕ್ಷುಗಳ ಚರಿತ್ರೆ. ಕೊರಿಯಾದ ಸಿಲ್ಲಾದಿಂದ ಬಂದ ಆರ್ಯವರ್ಮ ಊರಿಗೆ ಮರಳಲಾಗದೆ ನಳಂದದಲ್ಲೇ ತೀರಿಕೊಂಡದ್ದು, ಅದೇ ನಾಡಿನ ಇನ್ನೊಬ್ಬನ ಕೈಬರಹ ತನಗೆ ಅಲ್ಲಿ ದೊರೆತದ್ದು ಅದರಲ್ಲಿವೆ. ದೂರದೇಶದಿಂದ ಓದಲು ಬಂದವರ ಬದುಕು ತಿಳಿಯಬೇಕಾದರೆ ತೆರೆಯಬೇಕಾದ ಪುಸ್ತಕ ಅದು. ಪಠ್ಯಪುಸ್ತಕ ಬರೆಯುವವರಲ್ಲಿ ನನ್ನ ಕೋರಿಕೆ ಇಷ್ಟು: 1,510 ಎಂಬ ಅಂಕಿಯನ್ನು ಕೈಬಿಡಿ, ಇತ್ಸಿಂಗನ 3,500ನ್ನು ಅವನ ಹೆಸರಿನೊಂದಿಗೇ ಅಚ್ಚುಹಾಕಿಸಿ.