ಗಣಕನ ಎಂಟು ಗುಣಗಳು

ನಿಮ್ಮ ಮನೆಯಲ್ಲಿ ಎಂಟನೆಯ ತರಗತಿಯಲ್ಲಿ ಓದುವ ಮಗುವೊಂದಿದ್ದರೆ, ಅಂಕಪಟ್ಟಿ ಬಂದ ದಿನ ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆಂಬುದನ್ನು ನಾನು ಹೇಳಬೇಕಾಗಿಲ್ಲ. ಕನ್ನಡದಲ್ಲಿ ಎಷ್ಟು ಬಂದರೂ ಸರಿಯೆ. ಗಣಿತದಲ್ಲಿ ಎಷ್ಟು ಎಂಬುದೇ ಪ್ರಶ್ನೆ. ಕನ್ನಡ ಪಂಡಿತನಾದ ನನಗೆ ಇದರಿಂದ ಕೊಂಚ ನೋವಾಗುವುದುಂಟು. ಆ ದೂರನ್ನು ಇಂದು ಬದಿಗಿಟ್ಟು, ಆ ಅಂಕ ಮಗುವಿನಲ್ಲಿ ಏನನ್ನು ಅಳೆಯುತ್ತದೆ ಎಂಬುದನ್ನು ನಿಮ್ಮೊಡನೆ ವಿಚಾರಮಾಡಬೇಕೆಂದಿದ್ದೇನೆ. ಅದಕ್ಕಾಗಿ ಸಾವಿರದ ನೂರು ವರ್ಷಗಳಿಗೂ ಹಿಂದಕ್ಕೆ ಹೋಗಬೇಕು.

ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನನ್ನು ನಾವೆಲ್ಲರೂ ಬಲ್ಲೆವು. ಮಾನ್ಯಖೇಟದಿಂದ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ, ಸುಮಾರು 814ರಿಂದ 878ರ ವರೆಗೆ ಆಳಿದವನು. 'ಕವಿರಾಜಮಾರ್ಗ' ಹುಟ್ಟಿದುದು ಅವನ ಆಸ್ಥಾನದಲ್ಲಿ. ಅದೇ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯನೆಂಬ ಜೈನ ವಿದ್ವಾಂಸನು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಎಂಬ ಗ್ರಂಥವನ್ನು ರಚಿಸಿ, ಅದರ ಆರಂಭದಲ್ಲಿ ನೃಪತುಂಗನನ್ನು ಸ್ತುತಿಸಿದನು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಇದನ್ನು ತೆಲುಗಿಗೆ ತಂದನು. ಹನ್ನೆರಡನೆಯ ಶತಮಾನದಲ್ಲಿ ನಮ್ಮ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿಯೇ ಬರೆದನು. ಕನ್ನಡ ಲಿಪಿಯ ಹಸ್ತಪ್ರತಿಗಳಲ್ಲಿಯೂ ಉಳಿದುಬಂದಿದ್ದ ಮಹಾವೀರನ ಗ್ರಂಥವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು.

ಇದು ಪಾಠ ಹೇಳುವವನು ಬರೆದ ಪುಸ್ತಕವೆಂಬುದು ಓದಿದ ಕೂಡಲೆ ತಿಳಿಯುತ್ತದೆ. ಮೊದಲು ಸೂತ್ರ, ಅದರ ಬೆನ್ನಿಗೆ ಉದಾಹರಣೆಗಳು. ಗುಣಾಕಾರವನ್ನು ಕಲಿಸುವಾಗ ಈತನು ಹಾರಗಳನ್ನು ಪೋಣಿಸುತ್ತಾನೆ: 139ನ್ನು 109ರಿಂದ ಗುಣಿಸಿದರೆ 15151, 152207ನ್ನು 73ರಿಂದ ಗುಣಿಸಿದರೆ 11111111. ಕೊರಳಹಾರದಂತೆ ಎರಡು ಕಡೆಯಿಂದಲೂ ಒಂದೇ ಆಗಿ ಕಾಣುವ ಈ ಉತ್ತರ ಬಂದಾಗ ಹುಡುಗನ ಮುಖ ಅರಳದಿರುವುದುಂಟೆ? ತನ್ನ ಲೆಕ್ಕ ಸರಿಯೆಂಬುದನ್ನು ಗುರುವನ್ನು ಕೇಳದೆಯೇ ಅವನು ಕಂಡುಕೊಳ್ಳಬಲ್ಲ.

ಈ ಗ್ರಂಥದ ಮೊದಲ ಅಧ್ಯಾಯದಲ್ಲಿಯೇ ಗಣಕನನ್ನು ಎಂಟು ಗುಣಗಳಿಂದ ಗುರುತಿಸಬೇಕೆಂದು ಹೇಳಿದೆ. ಲಘುಕರಣ, ಎಂದರೆ ಕೆಲಸವನ್ನು ಹಗುರವಾಗಿ ಸಾಗಿಸುವುದು, ಊಹೆ, ಬೇಕಾದ ಉತ್ತರದ ಕಡೆಗೆ ತರ್ಕಿಸುವುದು, ಅಪೋಹ, ಆಗದುದನ್ನು ತಳ್ಳಿಹಾಕುವುದು, ಅನಾಲಸ್ಯ, ಸೋಮಾರಿತನವಿಲ್ಲದಿರುವುದು, ಗ್ರಹಣ, ಅರ್ಥಮಾಡಿಕೊಳ್ಳುವುದು, ಧಾರಣ, ನೆನಪಿನಲ್ಲಿಡುವುದು, ಉಪಾಯ, ಹೊಸ ದಾರಿ ಹುಡುಕುವುದು, ಕೊನೆಯದಾಗಿ, ತಿಳಿಯದ ಸಂಖ್ಯೆಯನ್ನು ವ್ಯಕ್ತಪಡಿಸುವುದು. ಉತ್ತರ ಹೇಳುವುದು ಎಂಟರಲ್ಲಿ ಒಂದು ಮಾತ್ರ ಎಂಬುದನ್ನು ಗಮನಿಸಿರಿ.

ಮಹಾವೀರನದೇ ಒಂದು ಲೆಕ್ಕವನ್ನು ನೋಡೋಣ. ಒಂದು ಒಂಟೆಯ ಹಿಂಡಿನ ಕಾಲುಭಾಗ ಕಾಡಿನಲ್ಲಿತ್ತು; ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ತಪ್ಪಲಿಗೆ ಹೋಗಿದ್ದಿತು; ಉಳಿದ 15 ನದಿಯ ದಡದಲ್ಲಿದ್ದುವು. ಒಂಟೆಗಳೆಷ್ಟು? ವರ್ಗ ಸಮೀಕರಣವನ್ನು ಬಿಡಿಸುವ ಕ್ರಮವನ್ನು ಇನ್ನೂ ಕಲಿಯದ ಹುಡುಗಿಯೊಬ್ಬಳು ಹೀಗೆ ಯೋಚಿಸಬಹುದು: ಒಂಟೆಯನ್ನು ತುಂಡರಿಸುವಂತಿಲ್ಲ, ಆದುದರಿಂದ ಸಂಖ್ಯೆ ನಾಲ್ಕರಿಂದ ಭಾಗವಾಗಬೇಕು, ವರ್ಗಮೂಲವೂ ಪೂರ್ಣವಾಗಿರಬೇಕು. ಹಾಗಾದರೆ 4, 16, 36, 64 ಮುಂತಾದುವು. ದಡದಲ್ಲಿಯೇ 15 ಇರುವಾಗ 4 ಆಗದು. 16 ಎಂದರೆ 4, 8, 15 ಸೇರಿ 27, ಆಗದು. 36 ಎಂದರೆ 9, 12, 15, ಸರಿಯಾಗಿ 36! ಇಲ್ಲಿ ಊಹೆಯುಂಟು, ಅಪೋಹವುಂಟು, ಉಪಾಯವುಂಟು. ಕ್ರಮವಾಗಿ ಬಿಡಿಸಿಲ್ಲವೆಂದು ಇದಕ್ಕೆ ಅಂಕ ಕಳೆಯುವ ಕೈಗಳೂ ಉಂಟು.

ಆ ಕೈಗಳಲ್ಲಿ ಒಂದು ನನ್ನದು. ಹಲವು ವರ್ಷಗಳ ಹಿಂದೆ, ನಮ್ಮ ಶಾಲೆಯ ಗಣಿತದ ಉಪಾಧ್ಯಾಯರು ರಜೆಯ ಮೇಲಿದ್ದಾಗ, ಎಂಟನೆಯ ತರಗತಿಯ ಲೆಕ್ಕ ನನ್ನ ಪಾಲಿಗೆ ಬಂದಿತು. ಪುಸ್ತಕದ ಕೊನೆಯ ಉತ್ತರಗಳನ್ನು ಪಕ್ಕದಲ್ಲಿಟ್ಟುಕೊಂಡು ಕೆಂಪು ಶಾಯಿಯಲ್ಲಿ ತಿದ್ದಿದೆನು. ಒಬ್ಬ ಹುಡುಗನಿಗೆ ಸೊನ್ನೆಯ ಮೇಲೆ ಸೊನ್ನೆ. ಅವನು ಹಾಳೆಯನ್ನು ತಂದು, "ಎಲ್ಲಿ ತಪ್ಪಿದೆ ಸಾರ್?" ಎಂದು ಕೇಳಿದನು. ಉತ್ತರ ತಪ್ಪೆಂಬುದು ನನಗೆ ಗೊತ್ತಿದ್ದಿತೇ ಹೊರತು ಎಲ್ಲಿ ತಪ್ಪಿತೆಂದು ನಾನು ನೋಡಿಯೇ ಇರಲಿಲ್ಲ. ಗದರಿ ಕಳುಹಿಸಿದೆನು.

ಅದೇ ಹುಡುಗನು ನನ್ನ ಛಂದಸ್ಸಿನ ಪಾಠದಲ್ಲಿ ಗುರು ಲಘುಗಳ ಪ್ರಸ್ತಾರ ಹಾಕಿದ್ದನು. ಮೂರಕ್ಷರಕ್ಕೆ ಎಂಟು ಗಣಗಳೆಂದು ನಾನು ಹೇಳಿದ್ದೆ. ನಾಲ್ಕಕ್ಷರಕ್ಕೆ ಹದಿನಾರೆಂದು ಅವನೇ ಕಂಡುಕೊಂಡು, ಒಂದನ್ನೂ ಬಿಡದೆ ಸಾಲಾಗಿ ಬರೆದಿದ್ದನು. ಅದು ಗಣಿತವೆಂದು ನನಗೆ ಅಂದು ಹೊಳೆಯಲಿಲ್ಲ. ಛಂದಸ್ಸಿಗೂ ವ್ಯಾಕರಣಕ್ಕೂ ಗಣಿತವೇ ಆಧಾರವೆಂದು ಮಹಾವೀರನು ಬರೆದುದನ್ನು ನಾನು ಓದಿದುದು ಆಮೇಲೆ. ಮರುವರ್ಷ ಹುಡುಗನು ಶಾಲೆಗೆ ಬರಲಿಲ್ಲ. ಮನೆಯಲ್ಲಿ ಬೇರೆ ಕಾರಣಗಳಿದ್ದಿರಬಹುದು. ನನ್ನ ಸೊನ್ನೆಯೇ ಕಾರಣವೆನ್ನಲಾರೆ, ಅಲ್ಲವೆಂದೂ ಹೇಳಲಾರೆ.

ಕೂಲಿಮಠದಲ್ಲಿ ಮರಳ ಮೇಲೆ ಬರೆದು, ಮಗ್ಗಿಯನ್ನು ಒಕ್ಕೊರಲಿನಿಂದ ಹೇಳಿಸುತ್ತಿದ್ದ ಕಾಲದಲ್ಲಿ ಧಾರಣಕ್ಕೆ ಹೆಚ್ಚು ಬೆಲೆಯಿತ್ತು, ಬೆತ್ತವೂ ಇತ್ತು. ಆದರೆ ಹುಡುಗ ಎಲ್ಲಿ ತೊಡರಿದನೆಂಬುದು ಗುರುವಿಗೆ ಅಲ್ಲಿಯೇ ಕೇಳಿಸುತ್ತಿತ್ತು. 1857ರಲ್ಲಿ ಕಲ್ಕತ್ತೆ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಸ್ಥಾಪನೆಯಾಗಿ, ಅವುಗಳ ಪ್ರವೇಶ ಪರೀಕ್ಷೆಯೇ ಪ್ರೌಢಶಾಲೆಗಳ ಗುರಿಯಾಯಿತು. ಬರೆದವನು ಒಂದೂರಿನಲ್ಲಿ, ತಿದ್ದುವವನು ಮತ್ತೊಂದೂರಿನಲ್ಲಿ. ಪಕ್ಷಪಾತ ತಪ್ಪಿತು, ನಿಜ. ಮುಖ ನೋಡಿ ಕೇಳುವುದೂ ತಪ್ಪಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, ಮಗುವಿನ ಆಲೋಚನೆಯನ್ನೇ ಗಣಿತಕ್ಕೆ ಒಗ್ಗಿಸುವುದು ಗುರಿಯಾಗಬೇಕೆಂದು ಹೇಳಿತು. ಎಂಟು ಗುಣಗಳನ್ನು ಓದಿದವರಿಗೆ ಇದು ಹೊಸ ಮಾತಲ್ಲ.

ಮಹಾವೀರನೂ ತಪ್ಪಿದವನೇ. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಹಾಗೆಯೇ ಉಳಿಯುವುದೆಂದು ಅವನು ಬರೆದನು. ಆ ಭಾಗಾಕಾರಕ್ಕೆ ಅರ್ಥವೇ ಇಲ್ಲವೆಂದು ಇಂದಿನ ಗಣಿತ ಹೇಳುತ್ತದೆ. ಆದರೆ ಋಣಸಂಖ್ಯೆ ಯಾವುದರ ವರ್ಗವೂ ಅಲ್ಲವಾದುದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಕಂಡವನೂ ಅವನೇ. ಒಂದು ತಪ್ಪಿಗಾಗಿ ಅವನ ಹಾಳೆಯ ಮೇಲೆ ಸೊನ್ನೆ ಬರೆಯುವವರು ಯಾರು?

ಆದುದರಿಂದ ಅಂಕಪಟ್ಟಿ ಬಂದ ಸಂಜೆ ಬಾನುಲಿಯನ್ನು ಅರ್ಧ ಗಂಟೆ ನಿಲ್ಲಿಸಿ, ಮಗುವನ್ನು ಹತ್ತಿರ ಕೂರಿಸಿಕೊಳ್ಳಿರಿ. ಎಷ್ಟು ಬಂದಿತೆಂದು ಕೇಳಬೇಡಿರಿ. ಹೇಗೆ ಮಾಡಿದೆಯೆಂದು ಕೇಳಿರಿ. ನಾನು ಅಂದು ಕೇಳಬೇಕಾಗಿದ್ದುದು ಅದನ್ನೇ.